ಸುಣ್ಣದ ಭಟ್ಟಿಯ ಕಾವು

ರೇಡಿಯೋ ರಿಪೇರಿ ಮಾಡುವವನಿಗೆ ತಾಳ್ಮೆ ಇರಬೇಕು. ನನಗೆ ಅದು ಅವತ್ತೂ ಇರಲಿಲ್ಲ, ಇವತ್ತೂ ಇಲ್ಲ.

ನಿಜಾಮರ ಆಳ್ವಿಕೆ ಕೊನೆಗೊಳಿಸಿದ ಪೊಲೀಸ್ ಕಾರ್ಯಾಚರಣೆಯಾಗಿ ಮೂರನೆಯ ಮಳೆಗಾಲ. ಶಹಾಬಾದ ರೈಲ್ವೆ ಸ್ಟೇಷನ್ ಎದುರಿನ ನನ್ನ ಡಬ್ಬಿ ಅಂಗಡಿಗೆ ಇಮಾಮ್‌ಬೀ ಒಂದು ಬ್ಯಾಟರಿ ರೇಡಿಯೋ ಹೊತ್ತುಕೊಂಡು ಬಂದಳು. ಸುಣ್ಣದ ಭಟ್ಟಿಯಲ್ಲಿ ಇಪ್ಪತ್ತು ವರ್ಷ ದುಡಿದ ಹೆಂಗಸು. ರೇಡಿಯೋ ಅವಳ ಒಬ್ಬನೇ ಮಗ ಶೌಕತ ಅಲಿಯದು. ಗಲಾಟೆಯ ದಿನಗಳಲ್ಲಿ ಊರು ಬಿಟ್ಟವನು ಕರಾಚಿ ಸೇರಿದನೆಂದು ಒಂದು ಕಾಗದ ಬಂದಿತ್ತು. ಆಮೇಲೆ ಎರಡು ವರ್ಷ ಸುದ್ದಿಯೇ ಇಲ್ಲ. ಈಗ ಅಲ್ಲಿಂದ ಯಾರೋ ಬರೆದ ಕಾರ್ಡು ಬಂದಿತ್ತು, ಅದೂ ಮಳೆಯಲ್ಲಿ ತೊಯ್ದು. ಶುಕ್ರವಾರ ಸಂಜೆ ನಾಲ್ಕಕ್ಕೆ ಕರಾಚಿ ರೇಡಿಯೋದಲ್ಲಿ ಶೌಕತನ ಸುದ್ದಿ ಓದುತ್ತಾರೆ ಎನ್ನುವಷ್ಟು ಮಾತ್ರ ಓದಲು ಬಂತು. ಬದುಕಿದ್ದಾನೋ ಇಲ್ಲವೋ, ಆ ಭಾಗವೆಲ್ಲ ಮಸಿ ಕಲಸಿ ಹೋಗಿತ್ತು.

"ಇವತ್ತ ಸೋಮವಾರ ಅಯ್ನೋರೆ. ಶುಕ್ರವಾರಕ್ಕ ಮಾತಾಡ್ತದಲ್ರಿ ಇದು?"

ಅವಳ ಮನೆಯ ಸೋರುವ ಮಾಳಿಗೆ ರೇಡಿಯೋವನ್ನೂ ಬಿಟ್ಟಿರಲಿಲ್ಲ. ಒಳಗಿನ ಕಂದು ಹಲಗೆ, ಅದಕ್ಕೆ ಬೆಸೆದ ಸುರುಳಿ, ಕಂಡೆನ್ಸರು ಎಲ್ಲ ನೀರು ಕುಡಿದಿದ್ದವು. ಬಿಸಿಲು ಕಂಡು ನಾಲ್ಕು ದಿನವಾಗಿತ್ತು. ನನ್ನ ಕೈಯಲ್ಲಿ ಸ್ಟೇಷನ್ ಮಾಸ್ತರರ ಸೆಟ್ಟು, ತಲೆ ಮೇಲೆ ಅವರ ಜವಾನ. ಇವಳು ಕೇಳಿದ್ದನ್ನೇ ಕೇಳುತ್ತಿದ್ದಳು.

"ತಲಿ ತಿನ್ನಬ್ಯಾಡ್ರಿ ಚಾಚಿ," ಎಂದು ರೇಗಿ ಹಲಗೆ ಬಿಚ್ಚಿ ಅವಳ ಕೈಗೆ ಕೊಟ್ಟೆ. "ನಿಮ್ಮ ಭಟ್ಟಿ ಅದಲ್ರಿ, ಅಲ್ಲಿಟ್ಟು ಚಂದಾಗಿ ಕಾಯಿಸ್ರಿ. ಒಂದ್ ಹನಿ ಹಸಿ ಉಳಿಬಾರ್ದು."

ಭಟ್ಟಿಯಿಂದ ದೂರ ಇಡಿ, ಬೆಚ್ಚಗಾದರೆ ಸಾಕು ಎಂದು ಇನ್ನೆರಡು ಮಾತು ಸೇರಿಸಿದ್ದರೆ ನನ್ನ ಗಂಟೇನೂ ಹೋಗುತ್ತಿರಲಿಲ್ಲ. ಭಟ್ಟಿಯವರ ಲೆಕ್ಕವೇ ಬೇರೆ. ಕಲ್ಲಿನ ಹೊಟ್ಟೆಯಲ್ಲಿ ಸ್ವಲ್ಪ ಹಸಿ ಉಳಿದರೂ ಅದು ಸುಣ್ಣವಾಗುವುದಿಲ್ಲ, ಆದ್ದರಿಂದ ಹಗಲೂ ರಾತ್ರಿ ಕಾಯಿಸುತ್ತಾರೆ. ಅವಳಿಗೆ ಕಾಯಿಸುವುದೆಂದರೆ ಅದೇ.

ಶುಕ್ರವಾರ ಮಧ್ಯಾಹ್ನ ಸೆರಗಿನಲ್ಲಿ ಸುತ್ತಿ ತಂದಳು. "ಭಟ್ಟಿ ಬಾಯಿಗೆ ಮುಚ್ಚಿದ ಫರಸಿ ಕಲ್ಲಿನ ಮ್ಯಾಲ ಇಟ್ಟಿದ್ದೆ ಅಯ್ನೋರೆ. ಬಾಜೂಕ ಕುಂತು ಹೊಳ್ಳಿಸಿ ಹೊಳ್ಳಿಸಿ ಕಾಯಿಸೀನಿ. ಈಗ ಒಂದ್ ಹನಿ ಇಲ್ಲ ನೋಡ್ರಿ."

ಹಲಗೆ ಹಪ್ಪಳದಂತೆ ಸೊಟ್ಟಗಾಗಿತ್ತು. ಕಂಡೆನ್ಸರುಗಳೊಳಕ್ಕೆ ನೀರಿಳಿಯದಂತೆ ಹಚ್ಚಿದ್ದ ಮೇಣವೆಲ್ಲ ಕರಗಿ ಹರಿದು ಹೋಗಿತ್ತು. ಬೈಯಲು ಬಾಯಿ ತೆರೆದೆ. ಆದರೆ ಯಾರನ್ನು ಬೈಯುವುದು? ಮಾಸ್ತರರ ಸೆಟ್ಟನ್ನು ಬೆಳಿಗ್ಗೆಯೇ ಒಯ್ದಿದ್ದರು. ಊರಲ್ಲಿ ರೇಡಿಯೋ ಇದ್ದ ದೊಡ್ಡವರ ಮನೆಗೆ ಹೋಗಿ ಕರಾಚಿ ಹಚ್ಚಿರಿ ಎಂದು ಕೇಳುವ ಕಾಲ ಅದಲ್ಲ. ಕೇಳಿದ್ದರೆ ಮರುದಿನ ಅವಳ ಬಾಗಿಲಲ್ಲಿ ಪೊಲೀಸರು ಇರುತ್ತಿದ್ದರು.

ಇದ್ದಬದ್ದ ಹಳೆಯ ಕಂಡೆನ್ಸರು ಹುಡುಕಿ ಬೆಸೆದೆ. ಸಾಲದ ಕಡೆ ಮೇಣದಬತ್ತಿ ಕರಗಿಸಿ ಸುರಿದೆ. ಬೆರಳು ಸುಟ್ಟಿತು. ನಾಲ್ಕಕ್ಕೆ ಐದು ನಿಮಿಷವಿದ್ದಾಗ ಸೆಟ್ಟು ಗೊರಗೊರ ಎಂದಿತು. ಮುಳ್ಳು ತಿರುಗಿಸುತ್ತ ಹೋದೆ. ಶಿಳ್ಳೆಯ ನಡುವೆ ಉರ್ದು ದನಿಯೊಂದು ಹೆಸರುಗಳನ್ನು ಓದುತ್ತಿತ್ತು. ಬೀದರದ ಯಾರಿಗೋ ಮೊಮ್ಮಗಳು ಹುಟ್ಟಿದ್ದಳು. ರಾಯಚೂರಿನ ಯಾರೋ ತೀರಿಹೋಗಿದ್ದರು. ಇಮಾಮ್‌ಬೀ ಎರಡೂ ಕೈಯಿಂದ ನನ್ನ ಮೇಜು ಹಿಡಿದುಕೊಂಡಿದ್ದಳು.

"ಶಹಾಬಾದದ ಇಮಾಮ್‌ಬೀ ಅವರಿಗೆ," ಎಂದಿತು ದನಿ. "ನಿಮ್ಮ ಮಗ ಶೌಕತ ಅಲಿ..."

ಫಟ್ ಎಂದು ಸದ್ದಾಯಿತು. ಮೇಣ ಸುಟ್ಟ ವಾಸನೆ ಬಂತು. ಅಷ್ಟೇ.

ಮುಳ್ಳು ತಿರುಗಿಸಿದೆ, ತಂತಿ ಎಳೆದೆ, ಸೆಟ್ಟಿಗೆ ಗುದ್ದಿದೆ. ಕೊನೆಗೆ ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ: "ಚಲೋ ಅದಾನಂತ ಅಂದ್ರು ಚಾಚಿ. ನಾ ಕೇಳ್ದೆ."

"ನನ್ನ ಕಿವಿ ಇನ್ನಾ ಚಲೋ ಅದಾವ್ರಿ," ಎಂದಳು. ಹಲಗೆಯನ್ನು ಬೆರಳಿಂದ ಮೆಲ್ಲಗೆ ಮುಟ್ಟಿ ನೋಡಿದಳು. "ಒಳಗ ಹಸಿ ಉಳಿದಿತ್ತೇನ್ರಿ? ನಾನೇ ಕಡಿಮಿ ಕಾಯಿಸಿದ್ನೇನು?"

ನಿಜ ಹೇಳಲು ಅದೊಂದೇ ಗಳಿಗೆ ಇತ್ತು. ನಾನು ಹೌದೆಂದು ತಲೆಯಾಡಿಸಿದೆ.