‘ಹಿಂದಕ್ಕೆ’ ಎಂಬ ಗುಂಡಿ

ಕೂತಲ್ಲಿ ಕೂರದ, ಪುಟ್ಟ ಆಳು. ಹಾಗಾಗಿ ಪ್ರಯೋಗಾಲಯದಲ್ಲಿ ಎಲ್ಲರೂ ಅವಳನ್ನು ಗುಬ್ಬಿ ಎಂದೇ ಕರೆಯುತ್ತಿದ್ದರು. ಯಂತ್ರಗಳ ಪರದೆ ಮುಂದೆ ಜನ ಯಾಕೆ ತಬ್ಬಿಬ್ಬಾಗುತ್ತಾರೆ ಎನ್ನುವುದೇ ಅವಳ ಸಂಶೋಧನೆ. ಆಸ್ಪತ್ರೆಯ ಟೋಕನ್ ಯಂತ್ರದ ಪಕ್ಕದಲ್ಲಿ ತಿಂಗಳುಗಟ್ಟಲೆ ನಿಂತು ಒಂದು ಸಂಗತಿ ಕಂಡುಕೊಂಡಿದ್ದಳು: ತಪ್ಪು ಒತ್ತಿಬಿಟ್ಟರೆ ಏನು ಗತಿ ಎಂಬ ದಿಗಿಲಿಗೇ ಜನರ ಬೆರಳು ಗಾಳಿಯಲ್ಲಿ ನಿಂತುಬಿಡುತ್ತದೆ. ಪ್ರತಿ ಪರದೆಯಲ್ಲೂ ಅದೇ ಮೂಲೆಯಲ್ಲಿ ‘ಹಿಂದಕ್ಕೆ’ ಎಂಬ ಗುಂಡಿ ಇಟ್ಟದ್ದೇ ತಡ, ದಿಗಿಲು ಮಾಯ.

“ಎಲ್ಲ ಯಂತ್ರಕ್ಕೂ ಇದೇ ಸೂತ್ರ ಅಂತ ಬರೆದುಬಿಡ್ತೀನಿ ಮೇಡಂ,” ಎಂದಳು ಹಿಗ್ಗಿನಿಂದ.

ಅವಳ ಮಾರ್ಗದರ್ಶಕಿ ನಕ್ಕರು. “ಬರಿಯಮ್ಮಾ. ಆದ್ರೆ ಮೊದ್ಲು ಬೇರೆಯವ್ರ ಕೈಗೆ ಕೊಟ್ಟು ನೋಡು. ನೀನು ಪಕ್ಕದಲ್ಲಿ ನಿಂತು ವಿವರಿಸಿದ್ರೆ ಮಾತ್ರ ನಡೆಯೋದಾದ್ರೆ ಅದೆಂಥ ಸೂತ್ರ?”

ಸೂತ್ರ ಬಟ್ಟೆ ಒಗೆಯುವ ಯಂತ್ರ ರೂಪಿಸುವ ತಂಡದ ಕೈಸೇರಿತು. ಅವರು ಅದನ್ನು ಚಾಚೂ ತಪ್ಪದೆ ಪಾಲಿಸಿದರು. ಪರೀಕ್ಷೆಯ ದಿನ ಗುಬ್ಬಿ ಗಾಜಿನ ಗೋಡೆಯಾಚೆ, ತುಟಿಪಿಟಕ್ಕೆನ್ನುವ ಹಾಗಿಲ್ಲ.

ನಿವೃತ್ತ ಸಂಗೀತದ ಮೇಷ್ಟ್ರೊಬ್ಬರು ಬಿಳಿ ಅಂಗಿಗಳನ್ನು ತುಂಬಿ ಯಂತ್ರ ಶುರುಮಾಡಿದರು. ಅಷ್ಟರಲ್ಲಿ ಒಳಗೆ ಕೆಂಪು ಕಾಲುಚೀಲವೊಂದು ಗಿರಗಿರನೆ ತಿರುಗುವುದು ಕಂಡಿತು. ಗಾಬರಿಯಾಗಲಿಲ್ಲ, ನಿಧಾನವಾಗಿ ‘ಹಿಂದಕ್ಕೆ’ ಒತ್ತಿದರು. ಪರದೆ ಹಿಂದಕ್ಕೆ ಹೋಯಿತು. ಯಂತ್ರ ಮಾತ್ರ ತನ್ನ ಪಾಡಿಗೆ ತಾನು ಬಟ್ಟೆ ಕುಕ್ಕುತ್ತಲೇ ಇತ್ತು.

“ಅಲ್ರೀ, ಪರದೆ ಹಿಂದಕ್ಕೆ ಬಂದೆ ಅಂತಿದೆ. ನೀರಿಗೆ ಯಾರೂ ಹೇಳಿಲ್ವಾ?” ಎಂದರು ಮೇಷ್ಟ್ರು.

ಗುಬ್ಬಿ ತಲೆಯ ಮೇಲೆ ಕೈಹೊತ್ತಳು. ಅಂಗಿಗಳು ಗುಲಾಬಿಯಾಗಿ ಹೊರಬಂದವು. ಮೇಷ್ಟ್ರು ಒಂದನ್ನು ಎದೆಗೆ ಹಿಡಿದು, “ಹರೆಯ ಬಂತು ನೋಡಿ!” ಎಂದಾಗ ಎಲ್ಲರೂ ಬಿದ್ದುಬಿದ್ದು ನಕ್ಕರು.

ಸಂಜೆ ಅವಳ ಗಂಡ ಮುಖ ನೋಡಿ, “ಗೆದ್ಯಾ?” ಎಂದ.

“ಸೋತೆ ಕಣ್ರೀ. ಆದ್ರೆ ಎಲ್ಲಿ ಸೋತೆ ಅಂತ ಗೊತ್ತಾಯ್ತು! ಆಸ್ಪತ್ರೇಲಿ ಟೋಕನ್ ಬರೋವರೆಗೂ ಏನೂ ಆಗಿರಲ್ಲ. ಇಲ್ಲಿ ನೀರು ಸುರಿದಾಗಿತ್ತು. ಆಗಿಹೋದದ್ದನ್ನ ಗುಂಡಿ ವಾಪಸ್ ತರುತ್ತಾ?”

ಮಾರನೆಯ ದಿನವೇ ಸೂತ್ರ ತಿದ್ದಿದಳು. ಬದಲಿಸಲು ಆಗುವತನಕ ‘ಹಿಂದಕ್ಕೆ’ ಇರಲಿ. ಬದಲಿಸಲಾಗದ ಹೆಜ್ಜೆ ಬಂದಾಗ ಯಂತ್ರ ‘ಮುಂದುವರಿಯಲಾ?’ ಎಂದು ಒಮ್ಮೆ ಕೇಳಲಿ. ಆಮೇಲೆ ಅದೇ ಜಾಗದಲ್ಲಿ, ನಿಲ್ಲಿಸಲು ಆಗುವುದಾದರೆ, ‘ನಿಲ್ಲಿಸು’ ಬರಲಿ. ಒಗೆಯುವ ಯಂತ್ರ ಈ ಸಲ ಪಾಸಾಯಿತು. ಕೆಲವು ತಿಂಗಳ ನಂತರ, ಗುಬ್ಬಿಯ ಮುಖವನ್ನೇ ನೋಡಿರದ ಇನ್ನೊಂದು ತಂಡ ಗ್ರಂಥಾಲಯದ ಪುಸ್ತಕ ವಾಪಸಾತಿ ಯಂತ್ರಕ್ಕೆ ಅದನ್ನು ಅಳವಡಿಸಿ, ಸೂತ್ರವಿಲ್ಲದ ಇನ್ನೊಂದು ಯಂತ್ರದ ಜೊತೆ ಹೋಲಿಸಿ ನೋಡಿತು. ಜನ ಎಡವಿದ್ದೆಲ್ಲ ಸೂತ್ರವಿಲ್ಲದ ಯಂತ್ರದಲ್ಲೇ.

ಗುಬ್ಬಿ ಕುತೂಹಲ ತಡೆಯಲಾರದೆ ಒಂದು ಪುಸ್ತಕ ಹಿಡಿದು ಅಲ್ಲಿಗೆ ಹೋದಳು. ಯಂತ್ರ ರೂಪಿಸಿದ ಹೆಂಗಸು ಅಲ್ಲೇ ನಿಂತಿದ್ದರು.

“ಪುಸ್ತಕ ಒಳಗೆ ಬಿದ್ಮೇಲೆ ‘ಹಿಂದಕ್ಕೆ’ ಇರಬಾರ್ದು ಮೇಡಂ. ಇದ್ರೆ ಜನಕ್ಕೆ ಸುಳ್ಳು ಹೇಳಿದ ಹಾಗೆ,” ಎಂದು ಆಕೆ ಉತ್ಸಾಹದಿಂದ ಸೂತ್ರವನ್ನೆಲ್ಲ ಬಿಡಿಸಿ ಹೇಳಿದರು.

“ಇದನ್ನ ಎಲ್ಲಿ ಕಲಿತ್ರಿ?”

“ಅಯ್ಯೋ, ನಮ್ಮ ಕೆಲಸದಲ್ಲಿ ಇದು ಎಲ್ಲರಿಗೂ ಗೊತ್ತಿರೋದೇ ಅಲ್ವಾ!”

ತಾನು ಪಕ್ಕದಲ್ಲಿಲ್ಲದೆಯೂ ಸೂತ್ರ ನಡೆಯುತ್ತಿದೆ ಎಂದು ಗುಬ್ಬಿಗೆ ಅಲ್ಲೇ ಕುಣಿದುಬಿಡಬೇಕು ಅನ್ನಿಸಿತು. “ಹೌದಾ? ಚೆನ್ನಾಗಿದೆ ರೀ,” ಎಂದಷ್ಟೇ ಹೇಳಿ, ನಗು ತಡೆಯಲಾರದೆ ಹೊರಗೆ ಓಡಿದಳು.