ನಾಯಿ ಅಂಗಿಯ ಬಟ್ಟೆ

ಮೊಮ್ಮಗ ಹುಟ್ಟಿದಾಗಿನಿಂದ ಬುರುಲ್‌ಳ ಕಾಲು ನೆಲದ ಮೇಲೆ ನಿಂತಿರಲಿಲ್ಲ. ಮಗುವಿನ ಮೊದಲ ಅಂಗಿಗೆ ಬಟ್ಟೆ ಬೇಕಿತ್ತು. ನಮ್ಮ ಕಿರ್ಗಿಜ್ ಹಳ್ಳಿಗಳಲ್ಲಿ ಅದಕ್ಕೆ ನಾಯಿ ಅಂಗಿ ಎನ್ನುತ್ತಾರೆ. ದೃಷ್ಟಿಯಾಗದಿರಲೆಂದು ಮೊದಲು ನಾಯಿಯ ಕೊರಳಿಗೆ ಹಾಕಿ ತೆಗೆಯುತ್ತಾರೆ. ಹೊಸ ಬಟ್ಟೆ ನಡೆಯದು. ತುಂಬು ಬಾಳು ಕಂಡ ಹಿರಿಯರು ತೊಟ್ಟು ಬಿಟ್ಟದ್ದನ್ನೇ ಕತ್ತರಿಸಿ ಮನೆಯಲ್ಲೇ ಹೊಲಿಯಬೇಕು.

ತೊಂಬತ್ತು ದಾಟಿದ ಅತ್ತೆ ಅನಿಪಾ ಒಲೆಯ ಪಕ್ಕದಲ್ಲೇ ಇದ್ದಳು.

"ನಾನು ತಲೆಗೆ ಸುತ್ಕೋತಿದ್ದ ಬಿಳೀ ಬಟ್ಟೆ ಇದ್ಯಲ್ಲಮ್ಮ, ಅದನ್ನೇ ಕತ್ತರಿಸು. ಮರಿಮಗ ನನ್ನ ಬಟ್ಟೇಲಿ ಮಲಗ್ಲಿ ಅಂತ ಆಸೆ."

"ಆಯುಸ್ಸೊಂದಿದ್ರೆ ಸಾಕಾ ಅತ್ತೆ? ನೀವು ಜೀವಮಾನವೆಲ್ಲ ಕುರಿ ಹಿಂದೆ ಓಡಾಡಿದ್ರಿ. ಮಗು ದೊಡ್ಡ ಕುರ್ಚಿ ಹತ್ತೋದು ಬೇಡ್ವಾ?"

ಮುದುಕಿ ಮುಖ ತಿರುಗಿಸಿದಳು. ಪಾಪ, ಅವಳಿಗೆ ನಿಜವಾಗಿ ನೋವಾಗಿತ್ತು. ಆ ಬಟ್ಟೆಯನ್ನು ಎಂದೋ ಚಿಂದಿಯ ಗಂಟಿಗೆ ಸೇರಿಸಿ ಕೊಟ್ಟುಬಿಟ್ಟಿದ್ದನ್ನು ಬುರುಲ್ ಬಾಯಿಬಿಟ್ಟು ಹೇಳಲಿಲ್ಲ.

ದೊಡ್ಡ ಕುರ್ಚಿ ಎಂದರೆ ಓರೊಜ್‌ಬೆಕ್, ಹಿಂದೆ ಜಿಲ್ಲೆಯನ್ನೇ ಆಳಿದವರು. ಊರಿನ ಕೂಸುಗಳೆಲ್ಲ ಅವರ ಅಂಗಿಯಲ್ಲೇ ಕಣ್ಣು ಬಿಟ್ಟಿದ್ದವು. ಒಬ್ಬರಿಗೆ ಅಷ್ಟೊಂದು ಅಂಗಿ ಎಲ್ಲಿಂದ ಬಂತೆಂದು ಯಾರೂ ಕೇಳಲಿಲ್ಲ. ಅಧಿಕಾರದಲ್ಲಿದ್ದವರನ್ನು ಹಾಗೆಲ್ಲ ಕೇಳುವ ರೂಢಿ ನಮ್ಮಲ್ಲಿಲ್ಲ.

ಬುರುಲ್ ಬೆಣ್ಣೆ, ಕುರಿಯ ತೊಡೆ ಹೊತ್ತು ಹೋದಳು. ಅವರ ಹೆಂಡತಿ ಸಾಲಿಕಾ ಒಳಗಿನಿಂದ ಬಿಳಿ ತುಂಡೊಂದನ್ನು ತಂದಿತ್ತಳು. "ಕೊನೇದು ಕಣೆ, ನಿಂಗೇ ಅಂತ ಎತ್ತಿಟ್ಟಿದ್ದೆ."

ತುಂಡಿನ ಮೂಲೆಯಲ್ಲಿ ನೀಲಿ ದಾರದಲ್ಲಿ ಹೆಣೆದ ತೇಪೆಯಿತ್ತು. ಅಂಗಿ ಹೊಲಿದ ಬುರುಲ್ ಔತಣದ ದಿನ ಅದನ್ನು ಅಂಗಳದಲ್ಲಿ ಎಲ್ಲರಿಗೂ ತೋರಿಸಿದಳು. "ನೋಡಿ, ಜಿಲ್ಲೆ ಆಳಿದೋರು ತೇಪೆ ಅಂಗಿ ಹಾಕ್ತಿದ್ರು! ಎಂಥ ಸರಳ ಮನುಷ್ಯ!" ನೆಂಟರು ಬಟ್ಟೆ ಮುಟ್ಟಿ ಕಣ್ಣಿಗೊತ್ತಿಕೊಂಡರು. ಓರೊಜ್‌ಬೆಕ್ ವಿನಯದಿಂದ ತಲೆ ತಗ್ಗಿಸಿದರು. ಸಾಲಿಕಾ ಮಾತ್ರ ಚಹಾ ಬಟ್ಟಲಿನಿಂದ ಕಣ್ಣೆತ್ತಲಿಲ್ಲ.

ನಾಯಿಯ ಕೊರಳಿಗೆ ಅಂಗಿ ಹಾಕಿದರು. ಅದು ಬಾಲ ಅಲ್ಲಾಡಿಸುತ್ತ ನೇರ ಅನಿಪಾಳ ಬಳಿಗೆ ಹೋಯಿತು. ಅಂಗಿ ತೆಗೆಯುತ್ತಿದ್ದ ಮುದುಕಿಯ ಬೆರಳು ತೇಪೆಯ ಮೇಲೆ ನಿಂತಿತು. ಸೊಸೆಯನ್ನು ಹತ್ತಿರ ಕರೆದಳು.

"ಒಲೆ ಕಿಡಿ ಹಾರಿ ಸುಟ್ಟಿದ್ದು. ಬಿಳೀ ದಾರ ಇರ್ಲಿಲ್ಲ ಅಂತ ನೀಲೀದ್ರಲ್ಲಿ ನಾನೇ ಹೆಣೆದಿದ್ದೆ."

ಬುರುಲ್‌ಗೆ ಚಿಂದಿಯ ಗಂಟು ನೆನಪಾಯಿತು. ನೆಲ ಒರೆಸಲಿಕ್ಕೆಂದು ಅದನ್ನು ಒಯ್ದವಳು ಸಾಲಿಕಾಳೇ. ಬುರುಲ್ ಅತ್ತೆಯ ಕಿವಿಯತ್ತ ಬಾಗಿದಳು.

"ಅತ್ತೆ, ನೆಲ ಒರೆಸೋಕೆ ಅಂತ ನಾನೇ ಸಾಲಿಕಾಗೆ ಕೊಟ್ಬಿಟ್ಟಿದ್ದೆ. ನಿಮ್ಮ ಕಾಲಿಗೆ ಬೀಳ್ತೀನಿ, ಯಾರಿಗೂ ಹೇಳ್ಬೇಡಿ."

ಅನಿಪಾ ಮರಿಮಗನಿಗೆ ಅಂಗಿ ತೊಡಿಸಿ, ಎದೆಗವಚಿಕೊಂಡು ನಕ್ಕಳು.

"ಹೇಳಲ್ಲ ಬಿಡು. ನಂಗೆ ಬೇಕಿದ್ದು ಸಿಕ್ತು. ನಿಂಗೆ ನೆಲ ಒರೆಸೋಕೆ ಬಟ್ಟೆ ಬೇಕಾದ್ರೆ ಇನ್ಮೇಲೆ ಓರೊಜ್‌ಬೆಕ್ ಅಂಗಿ ಕೇಳಿ ತಗೊಂಡ್ಬಾ."