ಗಾಡಿಚಕ್ರದ ಕಮಾನು

ಚರ್ಚಿನ ಚರಿತ್ರೆ ಬರೆಯುವ ಕೆಲಸ ಇನ್ನಾಸಪ್ಪನ ಹೆಗಲಿಗೆ ಬಿತ್ತು. ಅಕ್ಕೂರಿನಾಚೆಯ ಆ ಹಳ್ಳಿಯಲ್ಲಿ ಸಂಜೆ ಕಾಲೇಜಿಗೆ ಹೋಗಿ ಬಿ.ಎ. ಮಾಡಿದವನು ಅವನೊಬ್ಬನೇ. ಆ ಚರಿತ್ರೆಯನ್ನು ಕೆತ್ತಿ ಚರ್ಚಿನ ಗೋಡೆಗೆ ಹಾಕಲಿದ್ದ ಕಲ್ಲಿನ ಫಲಕದ ಕೊನೆಯಲ್ಲಿ ಅವನ ಹೆಸರನ್ನೂ ಕೆತ್ತಿಸುತ್ತಾರೆಂದು ಕೇಳಿದಾಗಿನಿಂದ ಅವನಿಗೆ ಊಟ ಸೇರುತ್ತಿರಲಿಲ್ಲ. ತಪ್ಪು ಬರೆದರೆ ಮೊಮ್ಮಕ್ಕಳ ಕಾಲಕ್ಕೂ ಅದು ತಪ್ಪಾಗಿಯೇ ನಿಂತಿರುತ್ತದೆ.

ಫ್ರಾನ್ಸಿನ ಶಿಲ್ಪಿ ಕಟ್ಟಿದ ಗೋಥಿಕ್ ಶೈಲಿಯ ಚರ್ಚು ಎಂದು ಬರೆಯಲು ಸಮಿತಿಯ ಅಧ್ಯಕ್ಷ ಚೌರಪ್ಪನವರು ಹೇಳಿದ್ದರು. ಗೋಥಿಕ್ ಕಮಾನಿನ ತುದಿ ಚೂಪಾಗಿರುತ್ತದೆ ಎಂದು ಇನ್ನಾಸಪ್ಪ ಓದಿದ್ದ. ಇಲ್ಲಿನ ಕಿಟಕಿಗಳ ಕಮಾನುಗಳೆಲ್ಲ ದುಂಡಗಿದ್ದವು. ಅನುಮಾನ ತಾಳಲಾರದೆ, ಕುರಿ ಮೇಯಿಸುತ್ತಿದ್ದ ಮುದುಕಿ ದಾಸಮ್ಮನನ್ನು, ಈ ಕಮಾನು ಕಟ್ಟಿದ್ದು ಹೇಗೆಂದು ಕೇಳಿದ.

"ನಮ್ಮಜ್ಜ ಗಾರೆಯೋರ ಜೊತೆ ಕೂಲಿಗೋಗಿದ್ದ ಕಣಪ್ಪ. ನಮ್ ಗಾಡಿ ಚಕ್ರಾನೇ ನಿಲ್ಸಿ, ಅದ್ರ ಮ್ಯಾಲೆ ಇಟ್ಟಿಗೆ ಜೋಡ್ಸಿ, ಗಾರೆ ಒಣಗಿದ್ಮ್ಯಾಕೆ ಚಕ್ರ ಎಳ್ಕೊಂಡ್ರು. ಅಷ್ಟೇಯ."

ಇನ್ನಾಸಪ್ಪ ಅವಳ ಹಟ್ಟಿಯಲ್ಲಿದ್ದ ಅಜ್ಜನ ಕಾಲದ ಹಳೇ ಚಕ್ರವನ್ನು ಉರುಳಿಸಿಕೊಂಡು ಹೋಗಿ ಏಳು ಕಿಟಕಿಗೂ ಹಿಡಿದು ನೋಡಿದ. ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ.

"ಗಾಡಿಚಕ್ರ ಅಂತ ಬರದ್ರೆ ಬಿಷಪ್ಪರ ಮುಂದೆ ಮಾನ ಉಳಿತೈತೇನ್ಲಾ?" ಎಂದರು ಚೌರಪ್ಪ.

"ಹಂಗಾದ್ರೆ ನನ್ನೆಸ್ರು ಹಾಕ್ಬ್ಯಾಡಿ ಅಣ್ಣ," ಎಂದ ಇನ್ನಾಸಪ್ಪ.

ಚೌರಪ್ಪನವರು ಬೇಸರಪಡಲಿಲ್ಲ. ಫ್ರಾನ್ಸಿನ ಶಿಲ್ಪಿಯ ಮಾತನ್ನೇ ಫಲಕಕ್ಕೆ ಹಾಕಿಸಿ, ಇನ್ನಾಸಪ್ಪನ ಹೆಸರಿಗೆಂದು ಬಿಟ್ಟಿದ್ದ ಖಾಲಿ ಜಾಗದಲ್ಲಿ "ಸಂಶೋಧನೆ: ವಿದೇಶಿ ವಿದ್ವಾಂಸರು" ಎಂದು ಕೆತ್ತಿಸಿದರು.

ಫಲಕ ತೆರೆದ ದಿನ ದಾಸಮ್ಮ ಅದನ್ನು ಇನ್ನಾಸಪ್ಪನಿಂದಲೇ ಓದಿಸಿಕೊಂಡಳು.

"ಅಷ್ಟು ಓದ್ದೋರೇ ಹೇಳವ್ರೆ ಅಂದ್ಮ್ಯಾಕೆ, ನಮ್ಮಜ್ಜನೇ ಒಸಿ ಸುಳ್ಳೇಳಿರ್ಬೇಕು ಬುಡಪ್ಪ," ಎಂದಳು.